ಪ್ರಿಯ ??????

ಮೊನ್ನೆ ಒಂದು ಜಾಲತಾಣದ ಅರ್ಜಿಯಲ್ಲಿ ಹೆಸರನ್ನು ಕನ್ನಡದಲ್ಲೇ ಬರೆದು ಕಳುಹಿಸುವ ಉದ್ಧಟತನ ತೋರಿದೆ. ಸ್ವೀಕೃತಿ ಪತ್ರ ತಕ್ಷಣವೇ ಬಂದಿತು, ಅದು ‘ಪ್ರಿಯ??????’ ಎಂದು ಆರಂಭವಾಗಿತ್ತು. ನನ್ನ ಹೆಸರಿನಲ್ಲಿರುವುದು ನಾಲ್ಕೇ ಅಕ್ಷರ, ಪ್ರಶ್ನಾರ್ಥಕ ಚಿಹ್ನೆಗಳು ಮಾತ್ರ ಆರು. ಹೆಚ್ಚುವರಿ ಸಂದೇಹಗಳೆರಡು ಎಲ್ಲಿಂದ ಹುಟ್ಟಿದವೆಂದು ಯೋಚಿಸಿದಾಗ ವಿಷಯ ಹೊಳೆಯಿತು: ಗಣಕಯಂತ್ರದ ಲೆಕ್ಕದಲ್ಲಿ ವ್ಯಂಜನಕ್ಕೊಂದು ಸಂಖ್ಯೆ, ಅದಕ್ಕೆ ಅಂಟಿಕೊಂಡ ಸ್ವರಚಿಹ್ನೆಗೆ ಬೇರೆಯದೇ ಒಂದು ಸಂಖ್ಯೆ. ಅಂದರೆ ಅದು ನನ್ನನ್ನು ಗುರುತಿಸಲಿಲ್ಲ ನಿಜ, ಆದರೆ ಒಂದು ದೀರ್ಘವನ್ನೂ ಬಿಡದೆ, ಪೂರ್ಣ ಶ್ರದ್ಧೆಯಿಂದ ಗುರುತಿಸದೆ ಹೋಗಿತ್ತು.

ಈ ಯಂತ್ರಕ್ಕೆ ಅಕ್ಷರಜ್ಞಾನವಿಲ್ಲ, ಸಂಖ್ಯಾಜ್ಞಾನ ಮಾತ್ರ ಇದೆ ಎಂಬುದು ಹಳೆಯ ಸಂಗತಿ. 1963ರಲ್ಲಿ, ಅಕ್ಷರಕ್ಕೊಂದು ಸಂಖ್ಯೆ ಹಂಚುವ ‘ಆಸ್ಕಿ’ ಎಂಬ ಪಟ್ಟಿ ಪ್ರಕಟವಾದಾಗ ಅದರಲ್ಲಿದ್ದದ್ದು 128 ಆಸನಗಳು. ಅವುಗಳಲ್ಲಿ 33ನ್ನು ಯಂತ್ರಗಳಿಗೆ ಅಪ್ಪಣೆ ಕೊಡುವ ಸಂಕೇತಗಳಿಗೆ ಮೀಸಲಿಟ್ಟರು. ಏಳನೆಯ ಸಂಖ್ಯೆಯ ಕೆಲಸ ಟೆಲಿಪ್ರಿಂಟರಿನ ಗಂಟೆ ಬಾರಿಸುವುದು. ಗಂಟೆಗೆ ಸ್ಥಾನ ಸಿಕ್ಕಿತು, ಜಗತ್ತಿನ ಬಹುತೇಕ ಲಿಪಿಗಳಿಗೆ ಸಿಗಲಿಲ್ಲ. ಮುಂದೆ ಬೈಟಿನಲ್ಲಿ, ಅಂದರೆ ಎಂಟು ಬಿಟ್ಟುಗಳ (ಸೊನ್ನೆ ಅಥವಾ ಒಂದು ಎಂಬ ಅಂಕಿಗಳ) ಗುಂಪಿನಲ್ಲಿ, ಆಸ್ಕಿ ಬಳಸದೆ ಉಳಿಸಿದ್ದ ಒಂದು ಬಿಟ್ಟಿನಿಂದ ಇನ್ನೂ 128 ಆಸನಗಳು ಒದಗಿದಾಗ, ಕೈಗೆ ಸಿಕ್ಕವರೆಲ್ಲ ಅವುಗಳ ಮೇಲೆ ತಮ್ಮ ತಮ್ಮ ವಸ್ತ್ರ ಹಾಸಿದರು. ಹೀಗಾಗಿ 224 ಎಂಬ ಒಂದೇ ಸಂಖ್ಯೆ ಒಂದು ಪಟ್ಟಿಯಲ್ಲಿ ತಲೆಯ ಮೇಲೆ ಓರೆಗೀಟು ಹೊತ್ತ ಲ್ಯಾಟಿನ್ ‘ಎ’ ಆಯಿತು, ಮತ್ತೊಂದರಲ್ಲಿ ರಷ್ಯನ್ ‘ಅ’ ಆಯಿತು, ಮಗದೊಂದರಲ್ಲಿ ಹೀಬ್ರೂ ಭಾಷೆಯ ಅಲೆಫ್ ಆಯಿತು. ಯಾವ ಪಟ್ಟಿಯ ಪ್ರಕಾರ ಓದಬೇಕೆಂದು ಸಂಖ್ಯೆ ತಾನಾಗಿ ಹೇಳುವುದಿಲ್ಲವಾದ್ದರಿಂದ, ಪ್ರತಿ ಪುಟವೂ ತನ್ನ ಜಾತಿಪತ್ರವನ್ನು ಜೊತೆಗೇ ತರಬೇಕೆಂಬ ನಿಯಮ ಬಂದಿತು. ವಿಡಂಬನೆ ಆರಂಭವಾಗುವುದು ಇಲ್ಲಿಂದ.

ಈ ಪತ್ರವನ್ನು ಇಡುವ ಜಾಗ ಯಾವುದು? ಪುಟದ ಒಳಗೆ, ಮೊದಲ 1024 ಬೈಟುಗಳಲ್ಲಿ! ಪೆಟ್ಟಿಗೆಯ ಬೀಗದಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕುವ ಈ ಪದ್ಧತಿ ಹೇಗೋ ನಡೆಯುತ್ತಿದೆಯೆಂದರೆ, ಬಹುಪಾಲು ಪಟ್ಟಿಗಳ ಮೊದಲ 128 ಆಸನಗಳು ಆಸ್ಕಿಯವೇ ಆಗಿರುವುದರಿಂದ ಬ್ರೌಸರು ಅಷ್ಟನ್ನು ಕಣ್ಣುಮುಚ್ಚಿ ಓದಬಲ್ಲದು. ಇದು ಸಾಲದೆಂಬಂತೆ, ಪುಟವನ್ನು ಕಳುಹಿಸುವ ಸರ್ವರು ಲಕೋಟೆಯ ಮೇಲೆ ಬೇರೆಯದೇ ಪಟ್ಟಿಯ ಹೆಸರು ಬರೆಯಬಹುದು. ಒಳಗೆ ಬರೆದದ್ದಕ್ಕೂ ಹೊರಗೆ ಬರೆದದ್ದಕ್ಕೂ ಹೊಂದಾಣಿಕೆಯಿಲ್ಲದಿದ್ದರೆ ಬ್ರೌಸರು ನಂಬುವುದು ಲಕೋಟೆಯನ್ನು. ಪುಟವನ್ನು ಬರೆದವನಿಗಿಂತ ಹೊತ್ತು ತಂದವನ ಮಾತಿಗೆ ಬೆಲೆ ಹೆಚ್ಚು.

ಆದರೆ ನನಗೆ ಅತ್ಯಂತ ಪ್ರಿಯವಾದ ಪ್ರಸಂಗ ‘ಐಎಸ್‌ಒ-8859-1’ ಎಂಬ ಹೆಸರಿನದು. ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ ಈ ಪಟ್ಟಿಯ 128ರಿಂದ 159ರವರೆಗಿನ 32 ಆಸನಗಳನ್ನು ಯಾರೂ ಬಳಸದ ನಿಯಂತ್ರಣ ಸಂಕೇತಗಳಿಗಾಗಿ ಬಿಡಲಾಗಿತ್ತು. ಖಾಲಿ ಕುರ್ಚಿ ಕಂಡ, ಮೈಕ್ರೋಸಾಫ್ಟಿನ ‘ವಿಂಡೋಸ್-1252’ ಎಂಬ ಪಟ್ಟಿ ಅಲ್ಲಿ ಬಾಗಿದ ಉದ್ಧರಣ ಚಿಹ್ನೆ, ಉದ್ದ ಗೀಟು ಮೊದಲಾದ 27 ಚಿಹ್ನೆಗಳನ್ನು ಕೂರಿಸಿತು. ಜನರು ಈ ಚಿಹ್ನೆಗಳನ್ನು ಧಾರಾಳವಾಗಿ ಬಳಸಿ, ಪುಟದ ನೆತ್ತಿಯ ಮೇಲೆ ಮಾತ್ರ ಗಾಂಭೀರ್ಯದಿಂದ ‘ಐಎಸ್‌ಒ-8859-1’ ಎಂದು ಬರೆದರು. ಸುಳ್ಳು ಹೇಳಿದವರನ್ನು ತಿದ್ದುವ ಬದಲು, ಬ್ರೌಸರುಗಳು ಆ ಸುಳ್ಳಿನ ಹಿಂದಿನ ನಿಜವನ್ನು ಊಹಿಸಿ ತೋರಿಸುವುದನ್ನು ರೂಢಿಸಿಕೊಂಡವು. ಕೊನೆಗೆ ಬ್ರೌಸರುಗಳು ಪಾಲಿಸುವ ಎನ್‌ಕೋಡಿಂಗ್ ಮಾನಕವೇ ಇದಕ್ಕೆ ಮುದ್ರೆಯೊತ್ತಿತು: ಇಂದು ಪುಟವೊಂದು ‘ನಾನು ಐಎಸ್‌ಒ-8859-1’ ಎಂದರೆ ಅದನ್ನು ವಿಂಡೋಸ್-1252 ಎಂದೇ ಓದತಕ್ಕದ್ದು, ‘ನಾನು ಆಸ್ಕಿ’ ಎಂದರೂ ವಿಂಡೋಸ್-1252 ಎಂದೇ ಓದತಕ್ಕದ್ದು. ನಿಜವಾಗಿಯೂ ಐಎಸ್‌ಒ-8859-1ರಲ್ಲಿ ಬರೆದ ಪ್ರಾಮಾಣಿಕನಿಗೆ ಅದನ್ನು ಬ್ರೌಸರಿಗೆ ತಿಳಿಸಲು ಈಗ ಯಾವ ಹೆಸರೂ ಉಳಿದಿಲ್ಲ.

ಪರಿಹಾರ ಇರಲಿಲ್ಲವೆಂದಲ್ಲ. ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯೆಂಬ ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂದಿತು. ಅದನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮವನ್ನು 1992ರಲ್ಲಿ ಗಣಕ ವಿಜ್ಞಾನಿಗಳಾದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಉಪಾಹಾರ ಗೃಹವೊಂದರಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ರೂಪಿಸಿದರು. ಒಂದು ಊಟದ ಹೊತ್ತಿನಲ್ಲಿ ಮುಗಿದ ಕೆಲಸವನ್ನು ಅರಗಿಸಿಕೊಳ್ಳಲು ಉಳಿದವರಿಗೆ ಮೂರು ದಶಕಗಳೂ ಸಾಲದೆ ಹೋದವು. ಈ ಕ್ರಮದಲ್ಲಿ ನಮ್ಮ ‘ಕ’ ಎಂದರೆ 224, 178, 149 ಎಂಬ ಮೂರು ಬೈಟುಗಳು. ಅದನ್ನೇ ವಿಂಡೋಸ್-1252 ಎಂದು ಭಾವಿಸಿ ಓದಿದರೆ ಕಾಣುವುದು ಓರೆಗೀಟಿನ ‘ಎ’, ಮೇಲೆ ತೇಲುವ ಪುಟ್ಟ ಎರಡು ಮತ್ತು ಒಂದು ದಪ್ಪ ಚುಕ್ಕಿ. ಕನ್ನಡದ ವ್ಯಂಜನಗಳೆಲ್ಲ 224, 178 ಎಂದೇ ಆರಂಭವಾಗುವುದರಿಂದ, ಕೆಟ್ಟ ಪುಟದಲ್ಲಿ ಈ ‘ಎ’ ಮತ್ತು ಈ ಎರಡು ಭಜನೆಯ ಪಲ್ಲವಿಯಂತೆ ಮತ್ತೆ ಮತ್ತೆ ಬರುತ್ತವೆ. ನಾನಂತೂ ಈಗ ಪಲ್ಲವಿ ಕಂಡ ಕೂಡಲೇ ರೋಗ ಹೇಳಬಲ್ಲೆ.

ಯುಟಿಎಫ್-8 ಎಂಬ ಹೆಸರಿಟ್ಟುಕೊಂಡದ್ದೆಲ್ಲ ಯುಟಿಎಫ್-8 ಎಂದೂ ನಂಬಬಾರದು. ಮೈಎಸ್‌ಕ್ಯೂಎಲ್ ಎಂಬ ಜನಪ್ರಿಯ ದತ್ತಾಂಶ ವ್ಯವಸ್ಥೆಯಲ್ಲಿ ಇದೇ ಹೆಸರಿನ ಆಯ್ಕೆಯೊಂದು ಅಕ್ಷರಕ್ಕೆ ಮೂರು ಬೈಟುಗಳನ್ನಷ್ಟೇ ಕೊಡುತ್ತಿತ್ತು. ಇಮೋಜಿಗೆ ಬೇಕಾದದ್ದು ನಾಲ್ಕು. ಕಟ್ಟುನಿಟ್ಟಿಲ್ಲದ ವ್ಯವಸ್ಥೆಗಳಲ್ಲಿ ನಗುಮುಖವೊಂದನ್ನು ಬರೆದರೆ, ಅಲ್ಲಿಂದ ಮುಂದಿನ ಬರಹವೆಲ್ಲ ಸದ್ದಿಲ್ಲದೆ ಕತ್ತರಿಸಿ ಹೋಗುತ್ತಿತ್ತು. 2010ರಲ್ಲಿ ಈ ತಪ್ಪನ್ನು ಒಪ್ಪಿಕೊಂಡ ರೀತಿ ಮಾದರಿಯಾದದ್ದು: ತಪ್ಪಾದದ್ದರ ಹೆಸರನ್ನು ಹಾಗೆಯೇ ಉಳಿಸಿ, ಸರಿಯಾದದ್ದಕ್ಕೆ ‘ಯುಟಿಎಫ್8ಎಂಬಿ4’ ಎಂಬ ನಾಮಧೇಯವನ್ನು ಕರುಣಿಸಲಾಯಿತು.

ಇಷ್ಟೆಲ್ಲ ತಿಳಿದ ಮೇಲೆ, ನನ್ನ ಹೆಸರನ್ನು ಸರಿಪಡಿಸಬೇಕೆಂದು ಅದೇ ಜಾಲತಾಣದ ದೂರಿನ ಪುಟದಲ್ಲಿ ವಿನಂತಿಸಿಕೊಂಡೆ. ಆ ಪುಟ ಇನ್ನೂ ಹಳೆಯ ಪಟ್ಟಿಯಲ್ಲೇ ಇತ್ತು; ಅಂಥ ಪುಟದ ಅರ್ಜಿಯಿಂದ ಪಟ್ಟಿಯಲ್ಲಿಲ್ಲದ ಅಕ್ಷರಗಳನ್ನು ಬ್ರೌಸರು ಸಂಖ್ಯೆಗಳಾಗಿಸಿ ಕಳುಹಿಸುತ್ತದೆ. ಮರುದಿನ ಬಂದ ಉತ್ತರದಲ್ಲಿ ಪ್ರಶ್ನಾರ್ಥಕ ಚಿಹ್ನೆ ಒಂದೂ ಇರಲಿಲ್ಲ. ‘ಪ್ರಿಯ &#3240;’ ಎಂದು ಆರಂಭವಾಗಿ, ಅದೇ ಧಾಟಿಯಲ್ಲಿ ಇನ್ನೂ ಐದು ಸಂಖ್ಯೆಗಳು ಸಾಲಾಗಿ ನಿಂತಿದ್ದವು. ಯೂನಿಕೋಡ್ ಕೋಷ್ಟಕವನ್ನು ತೆರೆದು ನೋಡಿದೆ. 3240 ಎಂದರೆ ‘ನ’. ಒಂದೊಂದಾಗಿ ಆರನ್ನೂ ಹುಡುಕಿ ಜೋಡಿಸಿದೆ. ಹೆಸರು ನನ್ನದೇ ಆಗಿತ್ತು, ಒಂದು ದೀರ್ಘವೂ ತಪ್ಪಿರಲಿಲ್ಲ.