ಕಾಣೆಯಾದ ದರ್ಪಣ ಸುಂದರಿ

ಬಿ.ಎ. ಕೊನೆಯ ವರ್ಷದಲ್ಲಿ ಇತಿಹಾಸದ ಅಧ್ಯಾಪಕರು ಸೆಮಿನಾರಿಗೆಂದು ನನಗೆ ವಹಿಸಿದ ವಿಷಯ ‘ಹೊಯ್ಸಳ ಶಿಲ್ಪಿಗಳ ಸಹಿಗಳು’. ಬೇಲೂರೆಂದರೆ ಜಕಣಾಚಾರಿ ಎಂದು ನಾಲ್ಕನೆಯ ತರಗತಿಯಿಂದಲೂ ನಂಬಿಕೊಂಡು ಬಂದಿದ್ದ ನಾನು, ಇದು ಅರ್ಧ ಗಂಟೆಯ ಕೆಲಸವೆಂದು ಹಿಗ್ಗಿದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಅಲ್ಲಿ ಹೆಸರು ಕೆತ್ತಿಕೊಂಡವರಲ್ಲಿ ಬಳ್ಳಿಗಾವೆಯ ದಾಸೋಜನಿದ್ದಾನೆ, ಅವನ ಮಗ ಚಾವಣನಿದ್ದಾನೆ, ಜಕಣಾಚಾರಿ ಮಾತ್ರ ಇಲ್ಲ, ಆದ್ದರಿಂದ ಅವನ ಕಥೆ ಬರೆದು ತಂದರೆ ಅಂಕವೂ ಇರುವುದಿಲ್ಲ ಎಂದು ಹೇಳಿ ಗ್ರಂಥಾಲಯದತ್ತ ಕೈ ತೋರಿಸಿದರು.

ಗ್ರಂಥಾಲಯದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬೇಲೂರು ಎಂದು ಒತ್ತಿದಾಗ ಸಿಕ್ಕ ಏಳು ಪುಸ್ತಕಗಳೂ ಬಂಗಾಳದ ಬೇಲೂರು ಮಠಕ್ಕೆ ಸಂಬಂಧಿಸಿದವು. ‘ಹಳೇಬೀಡು’ ಎಂಬುದನ್ನು ನಾಲ್ಕು ಬಗೆಯ ಕಾಗುಣಿತದಲ್ಲಿ ಪರೀಕ್ಷಿಸಿದ ಮೇಲೆ ಒಂದು ಪುಸ್ತಕ ಕಣ್ಣಿಗೆ ಬಿತ್ತು. ಪುಸ್ತಕಗಳನ್ನು ವಿಷಯಕ್ಕೊಂದು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ಮಹಾಶಯನ ಕ್ರಮದಲ್ಲಿ ದೇವಾಲಯದ ಕಟ್ಟಡಕ್ಕೆ 726, ಶಿಲ್ಪಕ್ಕೆ 730, ಭಾರತದ ಇತಿಹಾಸಕ್ಕೆ 954 ಆಗಿರುವುದರಿಂದ, ಗೋಡೆಯಿಂದ ಮೂರ್ತಿಯನ್ನು ಬಿಡಿಸಲಾಗದಂತೆ ಕಟ್ಟಿದ ಹೊಯ್ಸಳರನ್ನು ನಮ್ಮ ಗ್ರಂಥಾಲಯವು ಮೂರು ಬೀರುಗಳಿಗೆ ಹಂಚಿ ಕೂರಿಸಿತ್ತು. ಆ ಮೂರರ ಕೀಲಿಗಳೂ ಒಬ್ಬರೇ ಗುಮಾಸ್ತರ ಬಳಿ ಇದ್ದವು. ಗುಮಾಸ್ತರು ಊಟಕ್ಕೆ ಹೋಗಿದ್ದರು.

ಮೂರು ಗಂಟೆಯ ಹೊತ್ತಿಗೆ ಕೈಗೆ ಬಂದದ್ದು ಆರ್. ನರಸಿಂಹಾಚಾರ್ಯರು 1917ರಲ್ಲಿ ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತು ಪ್ರಕಟಿಸಿದ ಪುಸ್ತಕ. ಯಾರೋ ಅದಕ್ಕೆ ಹೊಸದಾಗಿ ಬೈಂಡು ಹಾಕಿಸಿದ್ದರು. ಹೊಲಿದ ಪುಣ್ಯಾತ್ಮನು ಪುಟದ ಒಳ ಅಂಚನ್ನೂ ಸೇರಿಸಿ ಎಷ್ಟು ಬಿಗಿಯಾಗಿ ಹೊಲಿದಿದ್ದನೆಂದರೆ, ಎಡಪುಟದ ಪ್ರತಿಯೊಂದು ಸಾಲಿನ ಕೊನೆಯ ಎರಡು ಮೂರು ಅಕ್ಷರಗಳು ದಾರದೊಳಗೆ ಅಡಗಿದ್ದವು. ನಾನು ಒಂದು ಕಣ್ಣು ಮುಚ್ಚಿ, ಮೂಗನ್ನು ಪುಟಗಳ ನಡುವಿನ ಸಂದಿಗೆ ತೂರಿಸಿ, ಶೀನುತ್ತ ಓದತೊಡಗಿದೆ. ಒಂದು ಮೂರ್ತಿಯ ಕೆಳಗೆ ‘ಮಲ್ಲಿತಮ್ಮ’ ಎಂದಿತ್ತು, ಇನ್ನೊಂದರಲ್ಲಿ ‘ಮಲ್ಲಿ’ ಎಂದಿತ್ತು, ಮತ್ತೊಂದರಲ್ಲಿ ಬರೀ ‘ಮ’. ಉಳಿದ ಅಕ್ಷರಗಳನ್ನು ಬೈಂಡಿನವನು ನುಂಗಿದ್ದಾನೆಂದು ದೃಢವಾಗಿ ನಂಬಿದ ನಾನು, ಸಂಶೋಧಕಿಯ ಧೈರ್ಯದಿಂದ ಮಲ್ಲಿಯನ್ನು ‘ಮಲ್ಲಿನಾಥ’ನೆಂದೂ, ‘ಮ’ವನ್ನು ಒಂದೆಡೆ ‘ಮಹದೇವ’ನೆಂದೂ ಇನ್ನೊಂದೆಡೆ ‘ಮಂಚಯ್ಯ’ನೆಂದೂ ಪೂರ್ತಿಗೊಳಿಸಿಕೊಂಡೆ.

ಸೆಮಿನಾರಿನ ದಿನ ಈ ಮೂವರನ್ನೂ ನಾನು ಅಷ್ಟು ಆತ್ಮೀಯವಾಗಿ ಪರಿಚಯಿಸಿದೆನೆಂದರೆ ಮಂಚಯ್ಯನ ಉಳಿಯ ಒರಟುತನವನ್ನು ಕೂಡ ವಿಮರ್ಶಿಸಿದೆ. ಅಧ್ಯಾಪಕರು ಕೊನೆಯವರೆಗೂ ಕೇಳಿ, ಆ ‘ಮ’ವೂ ‘ಮಲ್ಲಿ’ಯೂ ಮಲ್ಲಿತಮ್ಮನೇ, ಅವನು ಹೆಸರನ್ನು ಚುಟುಕಾಗಿಯೂ ಕೆತ್ತುತ್ತಿದ್ದ ಎಂದು ಶಾಂತವಾಗಿ ಹೇಳಿದರು. ನನ್ನ ಮೂವರು ಶಿಲ್ಪಿಗಳು ನಿಂತಲ್ಲೇ ತೀರಿಕೊಂಡರು. ಹಿಂದಿನ ಬೆಂಚಿನಿಂದ ಯಾರೋ ಮಂಚಯ್ಯನಿಗೆ ಒಂದು ನಿಮಿಷದ ಮೌನ ಕೋರಿದರು.

ತಿದ್ದಿ ಬರೆಯಲು ಒಂದು ವಾರದ ಅವಕಾಶ ಸಿಕ್ಕಿತು. ಈ ಸಲ ಬೇಲೂರನ್ನೂ ಸೇರಿಸೋಣವೆಂದು, ಹೊರಗೆ ಕೊಡದ ಒಂದು ದಪ್ಪ ಚಿತ್ರಸಂಪುಟವನ್ನು ಗ್ರಂಥಪಾಲಕರಲ್ಲಿ ಅಂಗಲಾಚಿ ಒಂದು ರಾತ್ರಿಯ ಮಟ್ಟಿಗೆ ಮನೆಗೆ ತಂದೆ. ಬೇಲೂರು ದೇವಾಲಯದ ಶಿಲಾಸುಂದರಿಯರಾದ 42 ಮದನಿಕೆಯರಲ್ಲಿ ನನಗೆ ಬೇಕಾಗಿದ್ದವಳು ಕನ್ನಡಿ ಹಿಡಿದ ದರ್ಪಣ ಸುಂದರಿ. ಪುಟ ತಿರುಗಿಸಿದರೆ ಅಲ್ಲಿ ಸುಂದರಿಯೇ ಇರಲಿಲ್ಲ. ಬ್ಲೇಡಿನಿಂದ ಕೊಯ್ದ ನೀಟಾದ ಆಯತಾಕಾರದ ಕಿಂಡಿಯಿತ್ತು, ಅದರೊಳಗಿಂದ ಮುಂದಿನ ಪುಟದ ಆನೆಯೊಂದು ಇಣುಕುತ್ತಿತ್ತು. ಅಂಚು ಎಲ್ಲಿಯೂ ಹರಿದಿರಲಿಲ್ಲ. ಕೈಚಳಕವನ್ನು ಮೆಚ್ಚಲೇಬೇಕು, ಆದರೆ ಹೊಯ್ಸಳರ ಕಾಲದ ಶಿಲ್ಪಿಗಳಿಗಿದ್ದ ಸಹಿ ಹಾಕುವ ಪ್ರಾಮಾಣಿಕತೆ ಈ ಕಲಾವಿದನಿಗಿರಲಿಲ್ಲ. ಉಳಿದುಕೊಂಡ ಮದನಿಕೆಯೊಬ್ಬಳ ಕೆನ್ನೆಯ ಮೇಲೆ ಕಾಲೇಜಿನ ನೇರಳೆ ಮೊಹರು ದುಂಡಗೆ ಕುಳಿತಿತ್ತು. ಬಹುಶಃ ಅವಳು ಬಚಾವಾದದ್ದು ಅದರಿಂದಲೇ.

ಮರುದಿನ ಪುಸ್ತಕವನ್ನು ಮರಳಿಸಲು ಹೋದಾಗ, ವರ್ಷಪೂರ್ತಿ ಯಾವ ಪುಸ್ತಕವನ್ನೂ ತೆರೆದು ನೋಡದ ಅಟೆಂಡರು ಅಂದು ಒಂದೊಂದೇ ಪುಟ ಮಗುಚಿದರು. ಹೊಯ್ಸಳ ಶಿಲ್ಪಿಗಳು ಕೆತ್ತಿದ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆಂದು ನಾನು ಓದಿದ್ದೆ. ಆ ಕಿಂಡಿ ಕಂಡ ಕ್ಷಣ ಅವರ ಮುಖದಲ್ಲಿ ಅದೇ ಕ್ರಿಯೆ ನಡೆಯಿತು. ಇದು ನನ್ನ ಕೆಲಸವಲ್ಲವೆಂದು ನಾನು ಎಷ್ಟು ಹೇಳಿದರೂ, ಕೊನೆಯದಾಗಿ ಒಯ್ದವಳು ನಾನೇ ಎಂಬುದಕ್ಕೆ ಲಿಖಿತ ಆಧಾರವಿತ್ತು, ಮತ್ತು ಲಿಖಿತ ಆಧಾರಕ್ಕೆ ಎದುರಾಡಬಾರದೆಂದು ನಾನು ಈಚೆಗಷ್ಟೇ ಕಲಿತಿದ್ದೆ. ದಂಡ ಕಟ್ಟಿದೆ. ಅವರು ದಂಡದ ರಿಜಿಸ್ಟರನ್ನು ನನ್ನತ್ತ ತಳ್ಳಿದರು. ಸಿಟ್ಟಿನಲ್ಲಿ ನನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಗೀಚಿ ಪೆನ್ನಿಗೆ ಮುಚ್ಚಳ ಹಾಕಿದೆ.

“ಏನಮ್ಮ ಇದು, ಬರೀ ‘ಮ’ ಅಂತ ಹಾಕಿದೀಯ?” ಎಂದು ಅವರು ರಿಜಿಸ್ಟರನ್ನು ಮತ್ತೆ ನನ್ನ ಕಡೆಗೆ ತಿರುಗಿಸಿದರು. “ಪೂರ್ತಿ ಹೆಸರು ಬರಿ. ನಾಳೆ ನೋಡಿದೋರು ಯಾರು ಅಂತ ತಿಳ್ಕೋಬೇಕು?”