ಟೀನಾ ಬ್ರೂಕ್ಸ್ ಬಗ್ಗೆ ಮಾತಾಡೋ ಮುಂಚೆ ‘ಟ್ರೂ ಬ್ಲೂ’ ಕೇಳ್ರಪ್ಪಾ

ಈಗಷ್ಟೇ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಟೀನಾ ಬ್ರೂಕ್ಸ್ (ಹೆಸರು ಟೀನಾ, ಆದ್ರೆ ಗಂಡಸು) ಬಗ್ಗೆ ಒಂದು ವಿಡಿಯೋ ನೋಡಿ ಮೈಯೆಲ್ಲಾ ಉರೀತಿದೆ. ಶುರುವಿಂದ ಕೊನೇವರೆಗೂ ಹೆರಾಯಿನ್ ಚಟ, ಬಡತನ, 42ನೇ ವಯಸ್ಸಿಗೆ ಸಾವು, ಅಯ್ಯೋ ಪಾಪ. ಆ ಮನುಷ್ಯ ಸ್ಯಾಕ್ಸೋಫೋನಲ್ಲಿ ಏನು ನುಡಿಸ್ದ ಅನ್ನೋದಕ್ಕೆ ಒಂದು ನಿಮಿಷಾನೂ ಕೊಟ್ಟಿಲ್ಲ!

ನಾನು ಇವನ ವಿಷಯ ಆಗಾಗ ಹೇಳ್ತಾನೇ ಇರ್ತೀನಿ, ನಿಮಗೆಲ್ಲ ಗೊತ್ತು. ಅವನ ‘ಟ್ರೂ ಬ್ಲೂ’ ಆಲ್ಬಮ್ ರೆಕಾರ್ಡ್ ಆಗಿದ್ದು 1960ರ ಜೂನ್ 25, ನ್ಯೂಜೆರ್ಸಿಲಿ ಸೌಂಡ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋಲಿ. ಟ್ರಂಪೆಟ್‌ಗೆ 22ರ ಹುಡುಗ ಫ್ರೆಡ್ಡಿ ಹಬ್ಬರ್ಡ್, ಪಿಯಾನೋಗೆ ಡ್ಯೂಕ್ ಜೋರ್ಡನ್, ಬಾಸ್‌ಗೆ ಸ್ಯಾಮ್ ಜೋನ್ಸ್, ಡ್ರಮ್ಸ್‌ಗೆ ಆರ್ಟ್ ಟೇಲರ್. ಆರು ಟ್ಯೂನ್, ಅದ್ರಲ್ಲಿ ಐದು ಟೀನಾನೇ ಕಟ್ಟಿದ್ದು. ‘ಗುಡ್ ಓಲ್ಡ್ ಸೋಲ್’ ಹಾಕಿ ನೋಡಿ, ಹಬ್ಬರ್ಡ್ ಝಗ್ ಅಂತ ಹೊಳೀತಾನೆ, ಟೀನಾ ಎಲ್ಲೂ ಕೂಗಾಡಲ್ಲ, ಟೆನರ್ ಸ್ಯಾಕ್ಸೋಫೋನಿನ ಮೆತ್ತಗಿನ ದನಿ, ಒಂದು ಎಳೆ ಹಿಡಿದ್ರೆ ಇಲ್ಲಿಗೆ ಮುಗೀತು ಅಂತ ನಾವು ಅಂದ್ಕೊಂಡ ಜಾಗದಲ್ಲಿ ಮುಗಿಸದೆ ಇನ್ನೂ ಮುಂದಕ್ಕೆ ಎಳ್ಕೊಂಡು ಹೋಗ್ತಾನೆ, ಒಳಗೆ ಬ್ಲೂಸ್ ತುಂಬ್ಕೊಂಡಿರುತ್ತೆ. ‘ಥೀಮ್ ಫಾರ್ ಡೋರಿಸ್’ ಕೇಳ್ತಾ ನಾನು ಎಷ್ಟೋ ಸಲ ಕಣ್ಣೀರಿಟ್ಟಿದ್ದೀನಿ. ಇದನ್ನ ಹೇಳ್ರೋ ವಿಡಿಯೋದಲ್ಲಿ!

ಬ್ಲೂ ನೋಟ್ ಅನ್ನೋ ಜಾಝ್ ರೆಕಾರ್ಡ್ ಕಂಪನಿಗೆ ಅವನು ತಂಡದ ಲೀಡರ್ ಆಗಿ ಮಾಡಿದ್ದು 1958ರಿಂದ 1961ರ ತನಕ ನಾಲ್ಕು ಆಲ್ಬಮ್ಮಿಗಾಗೋಷ್ಟು ರೆಕಾರ್ಡಿಂಗು. ಅವನು ಬದುಕಿದ್ದಾಗ ಹೊರಗೆ ಬಂದಿದ್ದು ‘ಟ್ರೂ ಬ್ಲೂ’ ಒಂದೇ. ಉಳಿದ ಮೂರರಲ್ಲಿ ‘ಬ್ಯಾಕ್ ಟು ದ ಟ್ರ್ಯಾಕ್ಸ್’ಗೆ ಕ್ಯಾಟಲಾಗ್ ನಂಬರ್ ಕೊಟ್ಟು ಕವರ್ ಕೂಡ ರೆಡಿ ಮಾಡಿ, ಆಮೇಲೆ ಬಿಡುಗಡೇನೇ ಮಾಡ್ಲಿಲ್ಲ. 1961ರ ನಂತರ ಅವನ ರೆಕಾರ್ಡಿಂಗೇ ಇಲ್ಲ, 1974ರಲ್ಲಿ ತೀರ್ಕೊಂಡ. ಮೊಸಾಯಿಕ್ ಅನ್ನೋ ರೆಕಾರ್ಡ್ ಕಂಪನಿಯವರು ನಾಲ್ಕನ್ನೂ ಸೇರಿಸಿ ಬಾಕ್ಸ್ ಸೆಟ್ ತಂದಿದ್ದು 1985ರಲ್ಲಿ. ನಿಜವಾದ ದುಃಖ ಇದು. ಸೂಜಿ ಸಿರಿಂಜು ತೋರಿಸೋದಲ್ಲ.

ಆಗ ಬ್ಲೂ ನೋಟಲ್ಲಿ ಹ್ಯಾಂಕ್ ಮೋಬ್ಲಿ ಥರದ ಟೆನರ್ ಸ್ಯಾಕ್ಸೋಫೋನ್ ವಾದಕರು ಇದ್ರಲ್ಲ, ಇವನು ಎರಡನೇ ಸಾಲಿನವನು, ಅದಕ್ಕೇ ಮರೆತ್ರು ಅಂತ ಕೆಲವರು ವಾದ ಮಾಡ್ತಾರೆ. ಪೈಪೋಟಿ ಇತ್ತು, ಒಪ್ತೀನಿ. ಆದ್ರೆ ಆ ನಾಲ್ಕರಲ್ಲಿ ಮೊದಲನೇದಾದ ‘ಮೈನರ್ ಮೂವ್’ನಲ್ಲಿ ಇವನ ಜೊತೆ ಕೂತಿದ್ದು ಲೀ ಮಾರ್ಗನ್, ಸಾನಿ ಕ್ಲಾರ್ಕ್, ಡಗ್ ವಾಟ್ಕಿನ್ಸ್, ಆರ್ಟ್ ಬ್ಲೇಕಿ ಥರದ ಹೆಸರಾಂತ ಜಾಝ್ ವಾದಕರು. ಅದನ್ನ ಕೇಳಿದೋರು ಯಾರೂ ಎರಡನೇ ಸಾಲು ಅನ್ನಲ್ಲ, ಕೇಳದೇ ಮಾತಾಡ್ತಾರೆ ಅಷ್ಟೇ.

ಇಷ್ಟ್ಯಾಕೆ ಸಿಟ್ಟು ಅಂದ್ರೆ, ನಮ್ಮ ಚಿಕ್ಕಪ್ಪ ಮದುವೆ ಬ್ಯಾಂಡಲ್ಲಿ ಕ್ಲಾರಿನೆಟ್ ನುಡಿಸ್ತಿದ್ರು. ಮನೇಲಿ ಇವತ್ತಿಗೂ ಅವರ ಮಾತು ಬಂದ್ರೆ ಬರೀ ಕುಡಿತದ ಕಥೇನೇ. ಅವರು ನುಡಿಸ್ತಿದ್ದ ಒಂದು ಹಾಡಿನ ಹೆಸರು ಕೇಳಿದ್ರೂ ಯಾರಿಗೂ ನೆನಪಿಲ್ಲ. ಚಟ ನೆನಪಿದೆ, ಸಂಗೀತ ಮರ್ತೋಯ್ತು! ಇದನ್ನ ನಾನು ಯಾರಿಗೂ ಹೇಳಿರ್ಲಿಲ್ಲ, ಇವತ್ತು ಬಾಯಿಗೆ ಬಂತು.

ಟೀನಾ ವಿಷಯದಲ್ಲಾದ್ರೂ ರೆಕಾರ್ಡ್ ಉಳಿದಿದೆಯಲ್ರೀ. ಹಬ್ಬರ್ಡ್‌ನ ‘ಓಪನ್ ಸೆಸಮಿ’ ಆಲ್ಬಮ್ ಎಲ್ಲರೂ ಮೆಚ್ಕೊಂಡು ಕೇಳ್ತೀರಿ, ‘ಟ್ರೂ ಬ್ಲೂ’ಗಿಂತ ಆರು ದಿನ ಮೊದಲು ರೆಕಾರ್ಡ್ ಆಗಿದ್ದು ಅದು. ಅದರ ಟೈಟಲ್ ಟ್ಯೂನ್ ಕಟ್ಟಿದ್ದು ಯಾರು ಅಂತ ಕವರ್ ಹಿಂದೆ ನೋಡಿ. ಬ್ರೂಕ್ಸ್ ಅಂತಾನೇ ಇದೆ.