‘ದಿನಕ್ಕೆ ಮೂರು ಸಲ, ಊಟ ಆದ ಮೇಲೆ’ ಅಂದರೆ ಸಾಕಾ?

ಔಷಧಿ ಕೈಗಿಡುವಾಗ ಹೇಳುವ ಮಾತು ಹೆಚ್ಚಿನ ಸಲ ಇಷ್ಟೇ. ಇಷ್ಟು ಸಾಲದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಯಾವ ಮಾತ್ರೆ ಯಾವುದಕ್ಕೆ, ಎಷ್ಟು ಗಂಟೆಗೊಮ್ಮೆ, ಎಷ್ಟು ದಿನ, ಜೊತೆಗೆ ಏನು ತೆಗೆದುಕೊಳ್ಳಬಾರದು, ಇದೆಲ್ಲ ನಮಗೆ ಓದಲು ಬರುವ ಭಾಷೆಯಲ್ಲಿ ಚೀಟಿಯ ಮೇಲೆ ಇರಬೇಕು. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಹಿಂದೆ ಜನ ಕಾಯುತ್ತಿದ್ದಾರೆ ಅಂತ ಸಂಕೋಚ ಬೇಡ.

ಪ್ಯಾರಾಸಿಟಮಾಲ್ ನೋಡಿ. ಎಲ್ಲರಿಗೂ ಗೊತ್ತಿರುವ ಮಾತ್ರೆ, ಹಾಗಾಗಿ ಯಾರಿಗೂ ಭಯವಿಲ್ಲ. ಆರೋಗ್ಯವಾಗಿರುವ ದೊಡ್ಡವರಿಗೂ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು. ಅಂದರೆ 500 ಮಿಲಿಗ್ರಾಂನ 8 ಮಾತ್ರೆ. ಲಿವರ್ ತೊಂದರೆ ಇದ್ದವರಿಗೆ, ಮೈತೂಕ ತೀರಾ ಕಡಿಮೆ ಇದ್ದವರಿಗೆ ಇನ್ನೂ ಕಡಿಮೆ. ಈಗ ಜ್ವರಕ್ಕೆ ಒಂದು, ನೆಗಡಿಗೆ ಒಂದು, ಮೈಕೈ ನೋವಿಗೆ ಮತ್ತೊಂದು ನುಂಗುತ್ತೇವೆ ಅಲ್ವಾ? ಮೂರಕ್ಕೂ ಬೇರೆ ಬೇರೆ ಹೆಸರು, ಆದರೆ ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ಮಿತಿ ದಾಟಿ ಲಿವರ್‌ಗೆ ಪೆಟ್ಟು ಬಿದ್ದರೂ ಮೊದಲ ದಿನ ಮೈಗೆ ಏನೂ ಅನಿಸದೇ ಇರಬಹುದು. ದೊಡ್ಡಕ್ಷರದ ಬ್ರ್ಯಾಂಡ್ ಹೆಸರು ಬಿಡಿ, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ಓದಿ.

ನನಗೆ ಇನ್ನೂ ಜಾಸ್ತಿ ಭಯ ಹುಟ್ಟಿಸುವುದು ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ ಕೊಡುವಾಗ ಅದು ವಾರಕ್ಕೆ ಒಂದೇ ದಿನ. ದಿನಾ ತೆಗೆದುಕೊಳ್ಳಬೇಕು ಅಂದುಕೊಂಡು ನುಂಗಿ ಜೀವ ಕಳೆದುಕೊಂಡವರಿದ್ದಾರೆ. ಅದನ್ನು ಅವರ ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಉಳಿದ ಮಾತ್ರೆಗಳೆಲ್ಲ ದಿನಾ ಇರುವಾಗ ಇದೊಂದು ಬೇರೆ ಅಂತ ಸ್ಪಷ್ಟವಾಗಿ ಹೇಳಬೇಕಾದವರು ಕೊಡುವವರು. ‘ವಾರಕ್ಕೊಮ್ಮೆ’ ಅಂತ ಬರೆದರೂ ಸಾಲದು. ಸೋಮವಾರವೋ ಗುರುವಾರವೋ, ಅದನ್ನೂ ಬರೆಯಬೇಕು.

ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ ಅನ್ನುವುದು ಬಹಳ ಜನರಿಗೆ ಗೊತ್ತು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಅದಕ್ಕೂ 4 ಗಂಟೆ ಅಂತರ ಬೇಕು ಅನ್ನುವುದನ್ನು ಯಾರೂ ಹೇಳಿರುವುದಿಲ್ಲ. ಒಟ್ಟಿಗೆ ನುಂಗಿದರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ರಕ್ತಪರೀಕ್ಷೆಯಲ್ಲಿ ಏರುಪೇರು ಕಾಣುತ್ತದೆ, ಸುಮ್ನೆ ಡೋಸ್ ಏರುತ್ತದೆ.

ಸಿರಪ್ ಅಳೆಯಲು ಅಡುಗೆಮನೆಯ ಚಮಚ ಬೇಡವೇ ಬೇಡ, ಬಾಟಲಿ ಜೊತೆ ಬರುವ ಅಳತೆಯ ಮುಚ್ಚಳವನ್ನೇ ಬಳಸಿ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್ ಅಂತ ಇದ್ದರೆ ಪುಡಿ ಮಾಡಬೇಡಿ. ನಿಧಾನವಾಗಿ ಬಿಡುಗಡೆ ಆಗಬೇಕಾದ ಔಷಧಿ ಒಂದೇ ಸಲಕ್ಕೆ ಒಳಗೆ ಹೋಗಿಬಿಡುತ್ತದೆ.

ಒಂದು ಹೊತ್ತಿನದು ಮರೆತರೆ ಏನು ಮಾಡಬೇಕು ಅಂತಲೂ ಮೊದಲೇ ಕೇಳಿಟ್ಟುಕೊಳ್ಳಿ. ಒಂದೊಂದು ಔಷಧಿಗೆ ಒಂದೊಂದು ಉತ್ತರ. ಔಷಧಿ ಕೊಡುವವರು ಹೇಳದೆ ಎರಡು ಹೊತ್ತಿನದನ್ನು ಒಟ್ಟಿಗೆ ಮಾತ್ರ ನುಂಗಬೇಡಿ.